ಅಪ್ಪನ ಕಾಲಲ್ಲಿ ಗಾಯ, ಹೊರಗೆ ಲಾಕ್‌ಡೌನ್. ನೀವು ಹೇಗೆ ನೋಡಿಕೊಂಡಿರಿ?

ಹಾಸನದಿಂದ, ಮೇ 2021
ಅಪ್ಪನಿಗೆ 66. ಶುಗರ್ ಬಂದು 15 ವರ್ಷ ಆಯ್ತು. ಬಲಗಾಲಿನ ಹೆಬ್ಬೆರಳ ಕೆಳಗೆ ಮೂರು ದಿನದಿಂದ ಬೊಬ್ಬೆ ಇತ್ತು, ಈಗ ಒಡೆದಿದೆ. ಕೇಳಿದರೆ "ನೋವೇ ಇಲ್ಲ, ಸುಮ್ನಿರು" ಅನ್ನುತ್ತಾರೆ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕೊರೊನಾ ಹತ್ತಿಕೊಂಡೀತು ಅಂತ ಭಯ. ಮನೆಯಲ್ಲೇ ನೋಡಿಕೊಳ್ಳಬಹುದಾ?

ಮೈಸೂರಿನಿಂದ
ನೋವಿಲ್ಲ ಅಂತಾರಲ್ಲ, ಭಯಪಡಬೇಕಾದ್ದೇ ಅದಕ್ಕೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮಮ್ಮ ಹಪ್ಪಳ ಒಣಗಿಸಲು ಬರಿಗಾಲಲ್ಲಿ ತಾರಸಿಗೆ ಹೋಗಿದ್ದರು. ಅಂಗಾಲು ಸುಟ್ಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಂಜೆ ನೆಲದ ಮೇಲೆ ಒಂದೇ ಕಾಲಿನ ಒದ್ದೆ ಗುರುತು ಕಂಡು ನಾನು ಬಗ್ಗಿ ನೋಡಿದೆ. ಬೊಬ್ಬೆ ಒಡೆದು ನೀರು ಸೋರುತ್ತಿತ್ತು. ಶುಗರ್‌ನಿಂದ ನರ ಸತ್ತ ಹಾಗಾಗಿರುತ್ತೆ, ಬಿಸಿ ತಾಗಲ್ಲ, ಮುಳ್ಳು ಚುಚ್ಚಿದರೂ ತಿಳಿಯಲ್ಲ.

ನಮ್ಮ ಡಾಕ್ಟರು ವಿಡಿಯೋದಲ್ಲಿ ನೋಡಿ, ದಿನಾ ಸಲೈನಿನಲ್ಲಿ ತೊಳೆದು ಗಾಜ್ ಬಟ್ಟೆ ಕಟ್ಟಿ ಅಂದರು. ಅದು ಸುಲಭ. ಕಷ್ಟವಾಗಿದ್ದು ಅಮ್ಮನನ್ನು ನಡೆಯದಂತೆ ಕೂರಿಸಿದ್ದು. ಆ ಕಾಲಿನ ಮೇಲೆ ಭಾರ ಬಿದ್ದಷ್ಟೂ ಗಾಯ ಮಾಯಲ್ಲ. ಏಳು ವಾರ ಹಿಡಿಯಿತು. ಈಗ ಮನೆಯೊಳಗೂ ಎಂಸಿಆರ್ ಚಪ್ಪಲಿ, ಅಂದರೆ ಶುಗರ್ ಇರುವವರು ಹಾಕುವ ಮೆತ್ತನೆ ರಬ್ಬರಿನದು. ದೇವರ ಮನೆಗೆ ಚಪ್ಪಲಿ ಹಾಕಲ್ಲ ಅಂತ ದೊಡ್ಡ ಜಗಳವೇ ಆಯ್ತು, ಕೊನೆಗೆ ಬಾಗಿಲಲ್ಲೇ ಕುರ್ಚಿ ಹಾಕಿಕೊಟ್ಟೆವು.

ದಾವಣಗೆರೆಯಿಂದ
ಅರಿಶಿಣ ಮೆತ್ತಬೇಡಿ, ಬಿಸಿನೀರಲ್ಲಿ ಕಾಲು ನೆನೆಸಬೇಡಿ. ನಮ್ಮ ಮಾವ ಎರಡೂ ಮಾಡಿ, ಆಣಿಯನ್ನೂ ಬ್ಲೇಡಿನಿಂದ ಕೊಯ್ದುಕೊಂಡು ಒಂದು ಬೆರಳು ಕಳೆದುಕೊಂಡರು. ಇನ್ನೊಂದು ಮಾತು: ಕೋವಿಡ್‌ಗೆ ಸ್ಟೆರಾಯ್ಡ್ ಕೊಟ್ಟಿದ್ದರೆ ಶುಗರ್ ಏರುತ್ತೆ, ಗ್ಲುಕೋಮೀಟರ್ ಕೈಗೆಟುಕುವಲ್ಲಿ ಇರಲಿ.

ಉಡುಪಿಯಿಂದ
ನಾನು ಡ್ರೆಸ್ಸಿಂಗ್ ರೂಮಿನ ನರ್ಸ್. ಮೊದಲು ಎರಡೂ ಪಾದಗಳ ಮೇಲೆ ನಿಮ್ಮ ಕೈಯ ಹಿಂಭಾಗ ಇಟ್ಟು ನೋಡಿ. ಗಾಯದ ಕಾಲು ಜಾಸ್ತಿ ಬಿಸಿ ಇದೆಯಾ? ಕೆಂಪು ಹರಡಿದೆಯಾ? ಕೀವು, ವಾಸನೆ, ಕಪ್ಪು, ಜ್ವರ? ಒಂದೇ ಒಂದು ಇದ್ದರೂ ಇವತ್ತೇ ಹೊರಡಿ. ಪೊಲೀಸರು ನಿಲ್ಲಿಸಿದರೆ ಶುಗರ್ ಚೀಟಿ ತೋರಿಸಿ, ಆಸ್ಪತ್ರೆಗೆ ಹೋಗಲು ತಡೆಯಿಲ್ಲ. ಯಾವುದೂ ಇಲ್ಲದಿದ್ದರೂ ನಾಳೆಯೊಳಗೆ ಡಾಕ್ಟರ ಕಣ್ಣಿಗೆ ಬೀಳಲೇಬೇಕು. ಫೋನಿನಲ್ಲೇ ಡಾಕ್ಟರನ್ನು ಕಾಣುವ ಸರ್ಕಾರದ ಇ-ಸಂಜೀವನಿಯಲ್ಲಿ ದುಡ್ಡಿಲ್ಲದೆ ಸಿಗುತ್ತಾರೆ. ಗಾಯ ಮಾಯ್ದ ಮೇಲೂ ದಿನಾ ರಾತ್ರಿ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ, ಬೆರಳ ಸಂದು ಒರೆಸಿ.

ಹಾಸನದಿಂದ ಮತ್ತೆ
ಕೈಯಿಟ್ಟು ನೋಡಿದೆ ಸಿಸ್ಟರ್. ಬಲಗಾಲು ಬಿಸಿ ಇದೆ. ಅಪ್ಪ ಇನ್ನೂ "ನೋವಿಲ್ಲ ಕಣೋ" ಅನ್ನುತ್ತಿದ್ದಾರೆ. ಎರಡು ಮಾಸ್ಕ್ ಹಾಕಿಸಿ ಕಾರು ತೆಗೆಯುತ್ತಿದ್ದೇನೆ.