ವಾರಸುದಾರರ ಜೊತೆ ಸೇರಿ ಪಿತ್ರಾರ್ಜಿತ ಮನೆಗೆ ಹಣ ಹಾಕುವಾಗ ಪಾಲನ್ನು ಹೇಗೆ ನಿರ್ಧರಿಸಬೇಕು?

ಪ್ರಶ್ನೆ:
ನನ್ನ ಆಪ್ತ ಸ್ನೇಹಿತರಿಗೂ ಅವರ ಅಕ್ಕನಿಗೂ ತಂದೆಯ ಮನೆ ಸಮಪಾಲಾಗಿ ಬಂದಿದೆ. ಅಕ್ಕ ತಮ್ಮ ಪಾಲಿನ ಹಣ ಕೇಳುತ್ತಿದ್ದಾರೆ. ಸ್ನೇಹಿತರಿಗೆ ಮನೆ ಮಾರುವ ಮನಸ್ಸಿಲ್ಲ, ಆ ಪಾಲನ್ನು ಕೊಳ್ಳುವ ಶಕ್ತಿಯೂ ಇಲ್ಲ. ಆ ಹಣವನ್ನೂ ಸೋರುತ್ತಿರುವ ಚಾವಣಿಯ ದುರಸ್ತಿಯ ಖರ್ಚನ್ನೂ ನಾನು ಭರಿಸಿದರೆ ಮನೆಗೆ ಇಬ್ಬರೂ ಪಾಲುದಾರರಾಗೋಣ ಎನ್ನುತ್ತಾರೆ. ಹಣಕ್ಕೂ ಸ್ನೇಹಕ್ಕೂ ಧಕ್ಕೆಯಾಗದಂತೆ ಇದನ್ನು ನಡೆಸುವುದು ಹೇಗೆ?

ಉತ್ತರ 1:
ಮೊದಲು ಮನೆ ಅವರಿಬ್ಬರ ಹೆಸರಿಗೆ ಕ್ರಮವಾಗಿ ವರ್ಗವಾಗಿದೆಯೇ, ಬೇರೆ ವಾರಸುದಾರರಿದ್ದಾರೆಯೇ, ತಂದೆಯವರ ಸಾಲವಾಗಲಿ ಅಡಮಾನವಾಗಲಿ ಉಳಿದಿದೆಯೇ ಎಂಬುದನ್ನು ನಿಮ್ಮದೇ ವಕೀಲರಿಂದ ಪರಿಶೀಲಿಸಿ. ಹಣವನ್ನು ಸ್ನೇಹಿತರ ಕೈಗೆ ಕೊಟ್ಟು ಅವರು ಅಕ್ಕನ ಪಾಲನ್ನು ತಮ್ಮ ಹೆಸರಿಗೆ ಬರೆಸಿಕೊಂಡರೆ, ಕಾಗದದ ಮೇಲೆ ಪೂರ್ತಿ ಮನೆ ಅವರದಾಗುತ್ತದೆ. ನಿಮ್ಮದು ಪಾಲೋ ಸಾಲವೋ ಎಂಬುದೇ ಮುಂದೆ ವಿವಾದವಾಗುತ್ತದೆ. ಆದ್ದರಿಂದ ಅಕ್ಕನೇ ನೇರವಾಗಿ ನಿಮಗೆ ಕ್ರಯಪತ್ರ ಬರೆದುಕೊಡಲಿ, ಅದು ನೋಂದಣಿಯಾಗಲಿ.

ಉತ್ತರ 2:
ಮೇಲಿನ ಮಾತು ಸರಿ. ಆದರೆ ತಕರಾರು ಹುಟ್ಟುವುದು ಹೆಚ್ಚಾಗಿ ದುರಸ್ತಿಯ ಹಣದಲ್ಲಿ, ಏಕೆಂದರೆ ಹಾಕಿದಷ್ಟೇ ಹಣ ಮನೆಯ ಬೆಲೆಗೆ ಸೇರುವುದಿಲ್ಲ. ಮನೆಯ ಇಂದಿನ ಬೆಲೆ 100 ಎಂದುಕೊಳ್ಳಿ. ಅಕ್ಕನ ಪಾಲಿಗೆ ನೀವು 50 ಕೊಟ್ಟಿರಿ, ದುರಸ್ತಿಗೆ 20 ಹಾಕಿದಿರಿ, ಆದರೆ ಬೆಲೆ 112ಕ್ಕೆ ಮಾತ್ರ ಏರಿತು. ಖರ್ಚನ್ನು ಆಧಾರವಾಗಿಟ್ಟರೆ ನಿಮ್ಮ ಪಾಲು 120ರಲ್ಲಿ 70, ಅಂದರೆ ಶೇ. 58.3, ಹೆಚ್ಚಿದ ಬೆಲೆಯನ್ನು ಆಧಾರವಾಗಿಟ್ಟರೆ 112ರಲ್ಲಿ 62, ಅಂದರೆ ಶೇ. 55.4. ಚಾವಣಿಯನ್ನು ಹಾಗೆಯೇ ಬಿಟ್ಟರೆ ನೀರಿಳಿದು ತೊಲೆ, ಗೋಡೆಗಳೂ ಕೆಡುವುದರಿಂದ ಅಂಥ ಅನಿವಾರ್ಯ ಕೆಲಸಕ್ಕೆ ಖರ್ಚಿನ ಲೆಕ್ಕವೇ ನ್ಯಾಯ. ಅಂದಚೆಂದದ ಕೆಲಸಕ್ಕೆ ಬೆಲೆಯ ಲೆಕ್ಕ ಸಾಕು. ಯಾವ ಲೆಕ್ಕವಾದರೂ ಕೆಲಸ ಶುರುವಾಗುವ ಮೊದಲೇ ಸ್ವತಂತ್ರ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕರಾರಿನಲ್ಲಿ ಬರೆದಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮನೆಯಲ್ಲಿ ವಾಸಿಸುವವರು ಸ್ನೇಹಿತರು ಮಾತ್ರ. ಹುಟ್ಟಿ ಬೆಳೆದ ಮನೆಗೆ ಬಾಡಿಗೆ ಕೊಡಿ ಎನ್ನಲು ನನಗೆ ಸಂಕೋಚವಾಗುತ್ತಿದೆ.

ಉತ್ತರ 3:
ನಿಮ್ಮ ಸಂಕೋಚ ಅರ್ಥವಾಗುತ್ತದೆ, ಆದರೂ ಈ ಮಾತನ್ನು ಈಗಲೇ ಆಡಿಬಿಡಿ. ನಿಮ್ಮ ಪಾಲಿನ ಬಾಡಿಗೆಯನ್ನು ನಗದಾಗಿ ಪಡೆಯಲೇಬೇಕೆಂದಿಲ್ಲ. ಅದರ ಬದಲು ತೆರಿಗೆ, ವಿಮೆ ಮತ್ತು ಸಣ್ಣಪುಟ್ಟ ರಿಪೇರಿಗಳನ್ನು ಅವರೇ ನೋಡಿಕೊಳ್ಳಲಿ ಎಂದು ಒಪ್ಪಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದುದು, ಇಬ್ಬರಲ್ಲೊಬ್ಬರು ಹೊರಬರಲು ಬಯಸಿದಾಗ ಏನಾಗಬೇಕೆಂಬುದು. ಕೊಳ್ಳುವ ಮೊದಲ ಅವಕಾಶ ಇನ್ನೊಬ್ಬರಿಗಿರಬೇಕು, ಬೆಲೆ ಕಟ್ಟುವವರನ್ನು ಯಾರು ಆರಿಸಬೇಕು, ಹಣ ಹೊಂದಿಸಲು ಎಷ್ಟು ಕಾಲಾವಕಾಶ, ಅದರೊಳಗೆ ಆಗದಿದ್ದರೆ ಇಡೀ ಮನೆಯನ್ನು ಮಾರಬೇಕೇ ಎಂಬುದೆಲ್ಲ ಕರಾರಿನಲ್ಲಿರಲಿ. ಸ್ನೇಹಿತರು ತೀರಿಕೊಂಡರೆ ಸಾಮಾನ್ಯವಾಗಿ ಅವರ ಪಾಲು ಹೆಂಡತಿ, ಮಕ್ಕಳಿಗೆ ಹೋಗುತ್ತದೆ. ಆಗ ನಿಮ್ಮ ಪಾಲುದಾರರು ಅವರೇ. ಕರಾರು ಅವರಿಗೂ ಅನ್ವಯಿಸುವಂತೆ ವಕೀಲರಿಂದ ಬರೆಸಿ, ಸಹಿ ಮಾಡುವ ಮೊದಲು ಅವರನ್ನೂ ಕೂರಿಸಿಕೊಂಡು ಓದಿಸಿ.