ಹಳೆಯ ಕಾರಿನ ಗೇರ್‌ಬಾಕ್ಸ್ ಎಣ್ಣೆ ಸೋರಿಕೆ: ಮೂಲ ಪತ್ತೆ ಹೇಗೆ?

ಪ್ರಶ್ನೆ:
ದಾವಣಗೆರೆಯಲ್ಲಿರುವ ನನ್ನ 2004ರ ಕಾರು (ಮುಂಚಕ್ರ ಚಾಲನೆ, ಮ್ಯಾನುಯಲ್ ಗೇರ್) ಚಿತ್ರದುರ್ಗಕ್ಕೆ ಹೋಗಿಬಂದ ಮೇಲೆ, ನಿಂತಲ್ಲಿ ಎಡ ಮುಂಚಕ್ರದ ಒಳಬದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆ. ಇಡೀ ಗೇರ್‌ಬಾಕ್ಸ್ ಇಳಿಸಬೇಕೆಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಅದು ಅಗತ್ಯವೇ?

ಉತ್ತರ 1:
ಮೊದಲು ಅದು ಯಾವ ಎಣ್ಣೆಯೆಂದು ತಿಳಿಯಿರಿ. ಗೇರ್ ಎಣ್ಣೆ ಮಂದವಾಗಿದ್ದು, ಗಂಧಕದ ಕಟುವಾಸನೆ ಬೀರುತ್ತದೆ. ಬಳಿಕ ಗೇರ್‌ಬಾಕ್ಸಿನ ಹೊರಮೈಯನ್ನು ಜಿಡ್ಡು ತೆಗೆಯುವ ಡಿಗ್ರೀಸರ್‌ನಿಂದ ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಮೊದಲ ತೇವ ಎಲ್ಲಿ ಕಾಣುತ್ತದೆಂದು ನೋಡಿ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಹರಡುವುದರಿಂದ, ತೊಟ್ಟಿಕ್ಕುವ ಜಾಗವೇ ಸೋರಿಕೆಯ ಮೂಲವೆಂದು ನಂಬಬಾರದು.

ಉತ್ತರ 2:
ನನ್ನ ಅನುಮಾನವಿರುವುದು ಡ್ರೈವ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ಉಂಗುರ) ಮೇಲೆ. ಅದಕ್ಕಾಗಿ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಎಣ್ಣೆ ಬಸಿದು, ಶಾಫ್ಟ್ ಹೊರತೆಗೆದು, ಹೊಸ ಸೀಲಿನ ಅಂಚಿಗೆ ಎಣ್ಣೆ ಸವರಿ, ಓರೆಯಾಗದಂತೆ ಕೂರಿಸಿದರೆ ಸಾಕು. ಸೀಲ್ ತಾಗುವಲ್ಲಿ ಶಾಫ್ಟಿಗೆ ಗೀರು ಬಿದ್ದಿದ್ದರೆ ಹೊಸ ಸೀಲೂ ಬಾಳುವುದಿಲ್ಲ, ಶಾಫ್ಟಿನ ಆ ಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಕ್ಲಚ್ ಹೌಸಿಂಗಿನ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕವಚ) ಕೆಳಗಿನಿಂದ ಗೇರ್ ಎಣ್ಣೆ ಬರುತ್ತಿದ್ದರೆ ಮಾತ್ರ ಇನ್‌ಪುಟ್ ಶಾಫ್ಟ್ (ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ತರುವ ದಂಡ) ಸೀಲ್ ಕೆಟ್ಟಿರಬಹುದು. ಆಗ ಗ್ಯಾರೇಜಿನವರ ಮಾತು ಸರಿ.

ಉತ್ತರ 3:
ಗೇರ್‌ಬಾಕ್ಸಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ರಂಧ್ರವನ್ನೂ ಪರೀಕ್ಷಿಸಿ. ಅದು ಧೂಳಿನಿಂದ ಮುಚ್ಚಿದ್ದರೆ, ಬಿಸಿಯೇರಿದಾಗ ಒಳಗಿನ ಒತ್ತಡ ಹೆಚ್ಚಿ ಒಳ್ಳೆಯ ಸೀಲೂ ಸೋರುತ್ತದೆ. ಕೈಪಿಡಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ, ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಫಿಲ್ಲರ್ ರಂಧ್ರದ ಅಂಚಿನವರೆಗೆ ತುಂಬಿಸಿ. ಸೋರಿಕೆ ಸರಿಯಾಗುವವರೆಗೆ ದೂರದ ಪ್ರಯಾಣ ಬೇಡ.