ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಮಾಡೆಲ್ ದೊಡ್ಡ ಕಂಪನಿಗಳು ಯಾಕೆ ಮಾಡಲ್ಲ?

ಘಾಟಿ_ಬ್ಯಾಂಕರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ಬೇಕಿರೋದು ಒಂದೇ ಎಂಜಿನ್. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಡೀಸೆಲ್ ಗೂಡ್ಸ್ ಎಂಜಿನ್, ಎಚ್‌ಒ ಸ್ಕೇಲ್‌ನಲ್ಲಿ (ನಿಜದ 87ರಲ್ಲಿ ಒಂದು ಪಾಲು), ಡಬ್ಬದಿಂದ ತೆಗೆದು ಹಳಿ ಮೇಲಿಟ್ಟರೆ ಓಡುವಂಥದ್ದು. ಭಾರತಕ್ಕೆ ಬಂದ ಮೊದಲ ಡಬ್ಲ್ಯೂಡಿಜಿ-4ಗಳ ಮನೆ ಹುಬ್ಬಳ್ಳಿಯೇ. ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ಘಾಟಿಯಲ್ಲಿ 37 ಅಡಿಗೆ ಒಂದು ಅಡಿ ಏರು. ಅಲ್ಲಿ ಬ್ಯಾಂಕರ್ ಎಂಜಿನ್‌ಗಳು ಹಿಂದಿನಿಂದ ಗೂಡ್ಸ್ ಗಾಡಿ ತಳ್ಳುತ್ತಾ ದೂಧಸಾಗರ ದಾಟೋದನ್ನು ನೋಡಿದವರಿಗೆ ಈ ಆಸೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನ ಕಂಪನಿಗಳು ನೂರು ವರ್ಷದ ಹಿಂದೆ ಯಾವುದೋ ಬ್ರಾಂಚ್ ಲೈನಿನಲ್ಲಿ ಓಡಿದ ಪುಟ್ಟ ಸ್ಟೀಮ್ ಎಂಜಿನ್‌ಗೂ ಹೊಸ ಮಾಡೆಲ್ ತರುತ್ತವೆ. ನಮ್ಮ ಎಂಜಿನ್ ಫೋಟೊ ಹಾಕಿದರೆ ಸಾವಿರಾರು ಜನ ಲೈಕ್ ಮಾಡುತ್ತಾರೆ, "ಇದರ ಮಾಡೆಲ್ ಬಂದರೆ ತಕ್ಷಣ ತಗೋತೀನಿ" ಅಂತ ಕೆಳಗೆ ಸಾಲು ಸಾಲು ಕಮೆಂಟ್. ಕೈಯಲ್ಲಿ ಮಾಡಿಕೊಡುವ ಕೆಲವರು ಇದ್ದಾರೆ, ಕೆಲಸ ಚೆನ್ನಾಗಿದೆ, ಆದರೆ ಬೆಲೆಯೂ ಜಾಸ್ತಿ, ಕಾಯೋದೂ ಜಾಸ್ತಿ. ದೊಡ್ಡ ಕಂಪನಿಗಳಿಗೆ ನಮ್ಮ ದೇಶ ಕಣ್ಣಿಗೇ ಬೀಳ್ತಿಲ್ವಾ? ಅಥವಾ ನನಗೆ ಗೊತ್ತಿಲ್ಲದ ಲೆಕ್ಕ ಏನಾದರೂ ಇದೆಯಾ?

ಪೀಣ್ಯ_ಟೂಲ್‌ರೂಮ್

ಲೆಕ್ಕ ಇದೆ ಸರ್. ನಾನು ಪೀಣ್ಯದಲ್ಲಿ ಇಂಜೆಕ್ಷನ್ ಮೋಲ್ಡ್ ಮಾಡುವ ಕೆಲಸದಲ್ಲಿದ್ದೇನೆ, ಮನೆಯಲ್ಲಿ ಮಾಡೆಲ್ ರೈಲು ಓಡಿಸುವ ಸಣ್ಣ ಲೇಔಟೂ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸೋಪ್ ಡಬ್ಬಿ ಮಾಡೋಕೆ ಮೋಲ್ಡ್ ಎರಡು ಭಾಗ ಸಾಕು. ತೆರೆದರೆ ಡಬ್ಬಿ ಈಚೆ ಬಂತು. ಡಬ್ಲ್ಯೂಡಿಜಿ-4ರ ಹುಡ್, ಅಂದರೆ ಯಂತ್ರದ ಮೇಲಿನ ಉದ್ದ ಹೊದಿಕೆ, ಹಾಗಲ್ಲ. ಎರಡೂ ಪಕ್ಕ ಸಾಲು ಬಾಗಿಲು, ಅವುಗಳ ಹಿಂಜು, ಹಿಡಿಕೆ, ಗಾಳಿ ಎಳೆಯುವ ಜಾಲರಿ. ಮೇಲೆ ರೇಡಿಯೇಟರ್ ಫ್ಯಾನ್. ಮುಂದೆ ಕ್ಯಾಬಿನ ಕಿಟಕಿ, ಲೈಟು. ಇಷ್ಟು ಕಡೆ ಉಬ್ಬು ತಗ್ಗು ಇದ್ದರೆ ಮೋಲ್ಡ್ ನೇರವಾಗಿ ತೆರೆಯೋಕೆ ಆಗಲ್ಲ, ಬಾಡಿ ಒಳಗೇ ಕಚ್ಚಿಕೊಳ್ಳುತ್ತೆ. ಅದಕ್ಕೆ ನಾಲ್ಕೂ ಪಕ್ಕ ಸ್ಲೈಡ್ ಕೊಡಬೇಕು. ಪ್ಲಾಸ್ಟಿಕ್ ತಣಿದ ಮೇಲೆ ಮೊದಲು ಸ್ಲೈಡ್‌ಗಳು ಹೊರಗೆ ಸರಿಯಬೇಕು, ಆಮೇಲೆ ಮೋಲ್ಡ್ ತೆರೆಯಬೇಕು. ಜಾಲರಿಯ ಗೆರೆಗಳನ್ನು ಕಟರ್‌ನಲ್ಲಿ ತೆಗೆಯೋಕೆ ಆಗದ ಕಡೆ ತಾಮ್ರದ ಎಲೆಕ್ಟ್ರೋಡ್ ಮಾಡಿ, ಉಕ್ಕಿನೊಳಗೆ ಸ್ಪಾರ್ಕ್ ಮಾಡಿ ಇಳಿಸಬೇಕು. ಒಂದು ಜಾಲರಿ ತಪ್ಪಿದರೆ ಆ ಇನ್ಸರ್ಟ್ ಪೂರ್ತಿ ಮತ್ತೆ.

ಇದು ಬರೀ ಬಾಡಿ. ಚಾಸಿಸ್, ಬೋಗಿ ಫ್ರೇಮ್ (ಗಾಲಿಗಳನ್ನು ಹಿಡಿಯುವ ಚೌಕಟ್ಟು), ಗೇರ್ ಡಬ್ಬಿ, ಇಂಧನ ಟ್ಯಾಂಕು, ಕಿಟಕಿ ಗಾಜು, ಎಲ್ಲಕ್ಕೂ ಬೇರೆ ಬೇರೆ ಟೂಲ್, ಅಂದರೆ ಮೋಲ್ಡ್. ಕೈಕಂಬಿ ಇನ್ನೊಂದು ತಲೆನೋವು. 40 ಮಿ.ಮೀ. ದಪ್ಪದ ಕಂಬಿ ಎಚ್‌ಒದಲ್ಲಿ ಅರ್ಧ ಮಿ.ಮೀ. ಕೂಡ ಇರಲ್ಲ. ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ಮುಟ್ಟಿದ ಕೂಡಲೇ ಮುರಿಯುತ್ತೆ, ತಂತಿಯಲ್ಲಿ ಮಾಡಿದರೆ ಯಾರಾದರೂ ಕೂತು ಒಂದೊಂದೇ ತೂತಿಗೆ ಸಿಕ್ಕಿಸಬೇಕು.

ಲೆಕ್ಕಕ್ಕೆ ಅಂತ ಒಂದು ಅಂಕಿ ಇಟ್ಟುಕೊಳ್ಳೋಣ. ಟೂಲ್‌ಗಳಿಗೆಲ್ಲ ಸೇರಿ 40 ಲಕ್ಷ ರೂಪಾಯಿ ಅನ್ನಿ. 4000 ಎಂಜಿನ್ ಮಾರಿದರೆ ಒಂದರ ತಲೆ ಮೇಲೆ 1000 ರೂಪಾಯಿ. 400 ಮಾರಿದರೆ 10,000. ಮೋಟರ್, ಗಾಲಿ, ಬಣ್ಣ, ಜೋಡಿಸುವ ಕೂಲಿ, ಅಂಗಡಿಯವರ ಪಾಲು ಇನ್ನೂ ಸೇರಿಸಿಲ್ಲ. ಆ ಉಕ್ಕಿನ ಮೋಲ್ಡ್ ಲಕ್ಷಗಟ್ಟಲೆ ಶಾಟ್ (ಒಂದು ಸಲ ಪ್ಲಾಸ್ಟಿಕ್ ಒತ್ತಿ ತೆಗೆಯೋದು) ತಡೆಯುತ್ತೆ, ನಾವು ಅದರಿಂದ ನಾನೂರು ತೆಗೆದು ಮೂಲೆಗೆ ಇಡುತ್ತೇವೆ. ಕಂಪನಿ ಹೆದರೋದು ಇದಕ್ಕೇ.

ಮತ್ತೆ ನೀವು ಡಬ್ಲ್ಯೂಡಿಜಿ-4 ಅಂತೀರಿ. ಪಕ್ಕದವರು ಎರಡು ಕ್ಯಾಬಿನ ಡಬ್ಲ್ಯೂಡಿಪಿ-4ಡಿ ಕೇಳುತ್ತಾರೆ, ಅದರ ಬಾಡಿಯೇ ಬೇರೆ. ಹಿರಿಯರಿಗೆ ಹಳೇ ಆಲ್ಕೊ ಡೀಸೆಲ್ ಡಬ್ಲ್ಯೂಡಿಎಂ-2 ಬೇಕು, ಅದರಲ್ಲೂ ಒಬ್ಬರಿಗೆ ಮಾಮೂಲಿಯದು, ಇನ್ನೊಬ್ಬರಿಗೆ ಮುಂದಿನ ಹುಡ್ ತಗ್ಗಾಗಿ ಕಿಟಕಿ ದೊಡ್ಡದಿರುವ ಜಂಬೊ. ಸಾವಿರ ಲೈಕ್ ಹೀಗೆ ಹತ್ತು ಪಾಲಾಗಿ ಹೋಗುತ್ತೆ.

ರೆಡಿಂಗ್_ಕನ್ನಡಿಗ

ಟೂಲ್‌ರೂಮ್ ಅವರ ಮಾತಿಗೆ ಇಲ್ಲಿನ ಅನುಭವ ಸೇರಿಸುತ್ತೇನೆ. ನಾನು ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲಿನ ಕ್ಲಬ್ಬಿಗೆ ಹೋಗುತ್ತೇನೆ.

ಪುಟ್ಟ ಸ್ಟೀಮ್ ಎಂಜಿನ್ ಯಾಕೆ ಮಾಡುತ್ತಾರೆ ಅಂತ ಕೇಳಿದಿರಿ. ಟೆರಿಯರ್ ಅಂತ ಒಂದು ಟ್ಯಾಂಕ್ ಎಂಜಿನ್ ಇದೆ. 1872ರಿಂದ 1880ರವರೆಗೆ ತಯಾರಾಗಿದ್ದು ಬರೀ 50. ಆದರೂ 2018ರಲ್ಲಿ ರೈಲ್ಸ್ ಆಫ್ ಶೆಫೀಲ್ಡ್ ಅಂಗಡಿ ಡಾಪೋಲ್ ಅನ್ನೋ ಮಾಡೆಲ್ ಕಂಪನಿ ಜೊತೆ ಸೇರಿ ಅದರ ಹೊಸ ಮಾಡೆಲ್ ತರ್ತೀವಿ ಅಂದಿತು, ಅದೇ ವರ್ಷ ಇಲ್ಲಿನ ದೊಡ್ಡ ಕಂಪನಿ ಹಾರ್ನ್‌ಬಿಯೂ ತನ್ನದೊಂದು ತರ್ತೀನಿ ಅಂದಿತು. ಯಾಕೆ? ಎಂಜಿನ್ ಗಿಡ್ಡ, ಗೋಡೆ ಕಪಾಟಿನಷ್ಟು ಜಾಗದ ಲೇಔಟಿನಲ್ಲೂ ತಿರುಗುತ್ತೆ. 50ರಲ್ಲಿ 10 ಇವತ್ತಿಗೂ ಉಳಿದಿವೆ, ಜನ ಹೋಗಿ ಮುಟ್ಟಿ ನೋಡಿ ಬರುತ್ತಾರೆ. ಕೈ ಬದಲಾದ ಹಾಗೆಲ್ಲ ಬಣ್ಣವೂ ಬದಲಾಗಿತ್ತು, ಹಾಗಾಗಿ ಒಂದೇ ಟೂಲ್‌ನಿಂದ ಬೇರೆ ಬೇರೆ ಬಣ್ಣದಲ್ಲಿ ವರ್ಷಗಟ್ಟಲೆ ಮಾರಬಹುದು. ನಿಜವಾದ ಎಂಜಿನ್ ಎಷ್ಟಿತ್ತು ಅನ್ನೋದು ಕಂಪನಿಗೆ ಬೇಕಿಲ್ಲ. ಮಾಡೆಲ್ ಎಷ್ಟು ಮನೆಯಲ್ಲಿ ಓಡಬಹುದು ಅನ್ನೋದೇ ಬೇಕು.

ಲೈಕ್ ವಿಷಯ. ಇಲ್ಲಿ ಹವ್ಯಾಸಿಗಳೇ ಹಲವು ವರ್ಷ ಯಾವ ಮಾಡೆಲ್ ಬೇಕು ಅಂತ ಮತ ಹಾಕಿ ಪಟ್ಟಿ ಮಾಡುತ್ತಿದ್ದರು. ಪಟ್ಟಿ ಉಪಯೋಗಕ್ಕೆ ಬರುತ್ತೆ, ಸುಳ್ಳಲ್ಲ. ಆದರೆ ಮತ ಹಾಕೋಕೆ ಒಂದು ಪೈಸೆ ಖರ್ಚಿಲ್ಲ. ಒಬ್ಬ ಇಪ್ಪತ್ತು ಎಂಜಿನ್‌ಗೆ ಮತ ಹಾಕುತ್ತಾನೆ, ವರ್ಷದ ಕೊನೆಗೆ ಒಂದು ಕೊಳ್ಳುತ್ತಾನೆ. ಅದೂ ತಪ್ಪಲ್ಲ, ಮನೆ ಖರ್ಚು ಎಲ್ಲರಿಗೂ ಇದೆ. ಕಂಪನಿ ಮಾತ್ರ ಆ ಒಂದನ್ನೇ ಎಣಿಸುತ್ತೆ.

ಜನರಿಗೆ ಎರಡೂ ಬೇಕು ಅನ್ನೋದು ಇನ್ನೊಂದು ಕಷ್ಟ. 2013ರ ಸುಮಾರಿಗೆ ಹಾರ್ನ್‌ಬಿ "ಡಿಸೈನ್ ಕ್ಲೆವರ್" ಅಂತ ಒಂದು ದಾರಿ ಹಿಡಿಯಿತು. ಬಿಡಿ ಭಾಗ ಕಡಿಮೆ ಮಾಡೋದು, ಕೈಕಂಬಿಯನ್ನೂ ಕೆಲವು ಕಡೆ ಬಾಡಿಯಲ್ಲೇ ಉಬ್ಬಿಸಿಬಿಡೋದು, ಖರ್ಚು ಇಳಿಸೋದು. ಬೆಲೆ ಜಾಸ್ತಿ ಅಂತ ಗೊಣಗುತ್ತಿದ್ದ ಹವ್ಯಾಸಿಗಳೇ ಇದಕ್ಕೆ ಜೋರಾಗಿ ಬೇಸರ ಪಟ್ಟರು, ಆಮೇಲೆ ಕಂಪನಿ ಅದನ್ನು ಕೈಬಿಟ್ಟಿತು. ಇಷ್ಟು ಹಳೇ ಮಾರುಕಟ್ಟೆಯಲ್ಲೂ ಲಾಭ ತೆಳು. ಇಟಲಿಯ ಮಾಡೆಲ್ ಕಂಪನಿ ಲೀಮಾ ಮುಳುಗಿ 2004ರಲ್ಲಿ ಹಾರ್ನ್‌ಬಿ ಪಾಲಾಯಿತು. 1859ರಲ್ಲಿ ಶುರುವಾದ ಜರ್ಮನಿಯ ಮಾರ್ಕ್ಲಿನ್ ತನ್ನ 150ನೇ ವರ್ಷದಲ್ಲೇ, ಅಂದರೆ 2009ರಲ್ಲಿ, ದಿವಾಳಿ ಅರ್ಜಿ ಹಾಕಿತು.

ಇಷ್ಟೆಲ್ಲ ಹೇಳಿದರೂ ನನಗೆ ಆಸೆ ಇದೆ, ಅದಕ್ಕೆ ಕಾರಣ ಐರ್ಲೆಂಡ್. ಸಣ್ಣ ದೇಶ. ಅವರ ಹಳಿ 1600 ಮಿ.ಮೀ., ನಮ್ಮ 1676ರ ಹಾಗೆಯೇ ಅಗಲ, ಮಾಡೆಲ್ ಹಳಿಗೆ ಹೊಂದಲ್ಲ. ಅಲ್ಲಿನ ಹವ್ಯಾಸಿಗಳು ಐರಿಶ್ ರೈಲ್ವೇ ಮಾಡೆಲ್ಸ್ ಶುರು ಮಾಡಿದಾಗ ಮೊದಲು ತಂದದ್ದು ಎಂಜಿನ್ ಅಲ್ಲ. ಹಳಿಗೆ ಜಲ್ಲಿ ಸುರಿಯುವ ಬ್ಯಾಲಸ್ಟ್ ವ್ಯಾಗನ್, ಅದೂ ಹಲವು ವ್ಯಾಗನ್ ಸೇರಿಸಿದ ಪ್ಯಾಕ್. ಆಮೇಲೆ ಸಿಮೆಂಟ್ ವ್ಯಾಗನ್. ಕಾಲು ಊರಿದ ಮೇಲೆ ಎ ಕ್ಲಾಸ್ ಡೀಸೆಲ್ ಎಂಜಿನ್. ಹಳಿ ಮಾತ್ರ ಎಲ್ಲರ ಮನೆಯಲ್ಲಿರೋ ಎಚ್‌ಒದ ಮಾಮೂಲಿ 16.5 ಮಿ.ಮೀ.

ಮೀಟರ್‌ಗೇಜ್_ಮೈಸೂರು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನನಗೆ ಬೇಕಿರೋದು ಮೀಟರ್‌ಗೇಜಿನ ವೈಪಿ ಸ್ಟೀಮ್ ಎಂಜಿನ್. ಮೈಸೂರು, ಹಾಸನ, ಅರಸೀಕೆರೆ ಕಡೆ ಮೀಟರ್‌ಗೇಜ್ ಹಳಿ ಕಿತ್ತು ಎಷ್ಟೋ ಕಾಲ ಆಯಿತು. ಅದನ್ನು ನೆನೆಸಿಕೊಳ್ಳುವವರೇ ಕಡಿಮೆ, ಅದರಲ್ಲಿ ಮಾಡೆಲ್ ಕೊಳ್ಳುವವರು ಇನ್ನೂ ಕಡಿಮೆ. ಯಾವ ಕಂಪನಿಯ ಲೆಕ್ಕಕ್ಕೂ ನಾನು ಬರಲ್ಲ. ಹಾಗಂತ ಆಸೆ ಬಿಡೋಕಾಗುತ್ತಾ?

ಹಾಗಾಗಿ ಮನೆಯಲ್ಲೇ ಮಾಡುತ್ತಿದ್ದೇನೆ. ಬಾಯ್ಲರ್, ಕ್ಯಾಬ್ ರೆಸಿನ್‌ನಲ್ಲಿ 3ಡಿ ಪ್ರಿಂಟ್. ಕೈಕಂಬಿ ಹಿತ್ತಾಳೆ ತಂತಿ. ಸಣ್ಣ ಭಾಗಗಳಿಗೆ ಸಿಲಿಕೋನ್ ಮೋಲ್ಡ್ ಮಾಡಿ ರೆಸಿನ್ ಹುಯ್ಯುತ್ತೇನೆ. ಆ ಮೋಲ್ಡ್ ಕೆಲವು ಡಜನ್ ಎರಕಕ್ಕೆಲ್ಲ ಹರಿಯೋಕೆ ಶುರುವಾಗುತ್ತೆ, ಆದರೆ ನಮಗೆ ಬೇಕಿರೋದೂ ಅಷ್ಟೇ ಅಲ್ವಾ. ಹಳಿ ವಿಷಯದಲ್ಲಿ ನಾವು ನಿಮಗಿಂತ ಅದೃಷ್ಟವಂತರು. ಸ್ವಿಸ್ ಮೀಟರ್‌ಗೇಜ್ ರೈಲುಗಳಿಗೆ ಅಂತ ಎಚ್‌ಒದಲ್ಲಿ 12 ಮಿ.ಮೀ. ಹಳಿ ಸಿಗುತ್ತೆ, ಸಾವಿರ ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ನಿಮ್ಮ ಬ್ರಾಡ್‌ಗೇಜಿಗೆ 19.3 ಬೇಕು, 16.5ರ ಮೇಲೆ ನಿಲ್ಲಿಸಿದರೆ ಎಂಜಿನ್ ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತೆ. ನನಗೆ ಅದು ಇವತ್ತಿಗೂ ಒಪ್ಪಿಗೆ ಆಗಿಲ್ಲ.

ನನ್ನ ಮಾತು ಇಷ್ಟೇ, ಕಂಪನಿ ಬರಲಿ ಅಂತ ಕಾಯುತ್ತಾ ಕೂತರೆ ವಯಸ್ಸು ಹೋಗುತ್ತೆ. ಮೈಸೂರು ರೈಲು ಮ್ಯೂಸಿಯಂ 1979ರಿಂದ ಇದೆ, ಹಳೇ ಗಾಡಿಗಳು ಬಯಲಲ್ಲೇ ನಿಂತಿವೆ. ಹೋಗಿ, ನೋಡಿ, ಫೋಟೊ ತೆಗೆಯಿರಿ, ಒಂದು ವ್ಯಾಗನ್ ಆದರೂ ಕೈಯಲ್ಲಿ ಮಾಡಿ.

ರೆಡಿಂಗ್_ಕನ್ನಡಿಗ

ಮೇಡಂ, ನಿಮ್ಮ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಹಳಿ ವಿಷಯದಲ್ಲಿ ಹಟ ಹಿಡಿದರೆ ಮಾರುಕಟ್ಟೆ ಹುಟ್ಟೋದೇ ಇಲ್ಲ. ಇಂಗ್ಲೆಂಡಿನ ಒಒ ಸ್ಕೇಲ್ ನೋಡಿ, 1:76ರ ಬಾಡಿ, ಎಚ್‌ಒದ 16.5 ಹಳಿ. ಹೊಂದಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಇಡೀ ಉದ್ಯಮ ಅದರ ಮೇಲೇ ನಿಂತಿದೆ. ಜಪಾನಿನ ಮಾಮೂಲಿ ರೈಲು 1067 ಮಿ.ಮೀ. ಹಳಿಯದು. 1:150ರಲ್ಲಿ ಅದು 7 ಮಿ.ಮೀ. ಆಗಬೇಕು. ಅವರು 9 ಮಿ.ಮೀ. ಹಳಿ ಒಪ್ಪಿಕೊಂಡರು, 1965ರಲ್ಲಿ ಕಾಟೊ ಕಂಪನಿ ಅದರಲ್ಲೇ ಶುರು ಮಾಡಿತು, ಇವತ್ತು ಎಲ್ಲಿಗೆ ಮುಟ್ಟಿದೆ ನೋಡಿ. ಜರ್ಮನ್ನರು ಕೋಚ್‌ಗಳ ಉದ್ದವನ್ನೇ ಕತ್ತರಿಸುತ್ತಾರೆ. 26.4 ಮೀಟರಿನ ಕೋಚ್ ಎಚ್‌ಒದಲ್ಲಿ 303 ಮಿ.ಮೀ. ಆಗಬೇಕು, 282 ಮತ್ತು 264ರಲ್ಲೂ ಮಾರುತ್ತಾರೆ, ಯಾಕೆಂದರೆ ಜನರ ಮನೆಯ ತಿರುವು ಸಣ್ಣದು. ಸರಿಯಾದ ಅಳತೆ ಬೇಕು ಅನ್ನುವವರ ಜೊತೆ ಸಾಕು ಅನ್ನುವವರೂ ಕೊಂಡಾಗಲೇ ಕಂಪನಿ ಬದುಕೋದು.

ಎನ್_ಗೇಜ್_ಯಲಹಂಕ

ಉದ್ದದ ಮಾತು ಬಂತಲ್ಲ, ಒಂದು ಸಣ್ಣ ಲೆಕ್ಕ. ಈಗಿನ ಎಕ್ಸ್‌ಪ್ರೆಸ್ ಗಾಡಿಗಳ ಎಲ್‌ಎಚ್‌ಬಿ ಕೋಚ್ ಸುಮಾರು 23.5 ಮೀಟರ್, ಎಚ್‌ಒದಲ್ಲಿ 27 ಸೆಂ.ಮೀ. 22 ಕೋಚಿನ ಗಾಡಿ ನಿಲ್ಲಿಸಿದರೆ ಎಂಜಿನ್ ಬಿಟ್ಟು ಸುಮಾರು 6 ಮೀಟರ್. ಯಾವ ಫ್ಲ್ಯಾಟಿನಲ್ಲಿ ಅಷ್ಟುದ್ದ ಹಾಲ್ ಇದೆ? ಇನ್ನೂ ಸಣ್ಣ ಎನ್ ಸ್ಕೇಲ್‌ನಲ್ಲಾದರೆ (1:160) 3.2 ಮೀಟರ್. ಮತ್ತೆ ಸ್ಲೀಪರ್, ತ್ರೀ ಎಸಿ, ಜನರಲ್, ಪ್ಯಾಂಟ್ರಿ, ಜನರೇಟರ್ ಕಾರ್, ಎಲ್ಲದರ ಕಿಟಕಿ ಜೋಡಣೆ ಬೇರೆ, ಎಲ್ಲಕ್ಕೂ ಬೇರೆ ಪಕ್ಕೆ. ಪ್ಯಾಸೆಂಜರ್ ಎಂಜಿನ್ ತಂದ ಕಂಪನಿ ಇಷ್ಟನ್ನೂ ತರಬೇಕು. ತರದಿದ್ದರೆ ಎಂಜಿನ್ ಷೋಕೇಸಿಗೆ ಹೋಗುತ್ತೆ.

ಪೀಣ್ಯ_ಟೂಲ್‌ರೂಮ್

ಐರ್ಲೆಂಡಿನ ಮಾತು ಓದಿದಾಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಘಾಟಿ_ಬ್ಯಾಂಕರ್ ಸರ್, ನಿಮ್ಮ ಎಂಜಿನ್ ಘಾಟಿಯಲ್ಲಿ ತಳ್ಳುತ್ತಿದ್ದದ್ದು ಏನನ್ನು? ಬಿಒಎಕ್ಸ್‌ಎನ್, ಮೇಲೆ ತೆರೆದ ಗೂಡ್ಸ್ ವ್ಯಾಗನ್. ಮೊದಲು ಅದನ್ನು ಕೇಳೋಣ.

ಮೋಟರ್ ಇಲ್ಲ. ಗೇರ್ ಇಲ್ಲ. ಶೆಡ್ ಜಗಳ ಇಲ್ಲ, ಹುಬ್ಬಳ್ಳಿಯವರಿಗೂ ಅದೇ, ಬೇರೆ ರಾಜ್ಯದವರಿಗೂ ಅದೇ. ಆಲ್ಕೊ ಹಿಂದೆಯೂ ಕಟ್ಟಬಹುದು, ಎಲೆಕ್ಟ್ರಿಕ್ ಹಿಂದೆಯೂ ಕಟ್ಟಬಹುದು. ಉದ್ದ 10.7 ಮೀಟರ್, ಎಚ್‌ಒದಲ್ಲಿ 123 ಮಿ.ಮೀ., ಸಣ್ಣ ತಿರುವಿನಲ್ಲೂ ಸಲೀಸಾಗಿ ಹೋಗುತ್ತೆ. ಮುಖ್ಯವಾಗಿ, ಎಂಜಿನ್ ಒಬ್ಬರು ಒಂದೇ ಕೊಳ್ಳೋದು. ಬಿಒಎಕ್ಸ್‌ಎನ್ ಒಂದು ಕೊಂಡು ಯಾರೂ ಸುಮ್ಮನಿರಲ್ಲ. ಹತ್ತಾದರೂ ಇಲ್ಲದಿದ್ದರೆ ಅದು ಗೂಡ್ಸ್ ಗಾಡಿ ಅನ್ನಿಸಲ್ಲ. ಇನ್ನೂರು ಜನ ಹತ್ತು ಹತ್ತು ಕೊಂಡರೆ ಎರಡು ಸಾವಿರ ಆಯಿತು.

ಟೂಲ್ ಕೂಡ ಸುಲಭ ಮಾಡಬಹುದು. ಪೂರ್ತಿ ಡಬ್ಬಿಯಾಗಿ ಮೋಲ್ಡ್ ಮಾಡೋಕೆ ಹೋದರೆ ಹೊರಗಿನ ಉಬ್ಬು ಪಟ್ಟಿಗಳಿಗೆ ಮತ್ತೆ ನಾಲ್ಕು ಸ್ಲೈಡ್ ಬೇಕು. ಅದರ ಬದಲು ಎರಡು ಪಕ್ಕೆ, ಎರಡು ತುದಿ, ಒಂದು ತಳ, ಐದು ಚಪ್ಪಟೆ ಭಾಗ ಮಾಡಿ. ಚಪ್ಪಟೆ ಇದ್ದರೆ ಪಟ್ಟಿ, ಬಾಗಿಲು, ಹಿಂಜು ಎಲ್ಲ ಮೇಲ್ಮುಖವಾಗೇ ಬರುತ್ತೆ, ಸ್ಲೈಡೇ ಬೇಡ, ಐದೂ ಒಂದೇ ಶಾಟ್‌ನಲ್ಲಿ. ಕಿಟ್ ಆಗಿ ಕೊಟ್ಟರೆ ಜೋಡಿಸುವ ಕೂಲಿಯೂ ಉಳಿಯಿತು. ಅದರ ಕ್ಯಾಸ್ನಬ್ ಮಾದರಿಯ ಬೋಗಿ ಫ್ರೇಮಿಗೆ ಮಾತ್ರ ಒಳ್ಳೆಯ ಟೂಲ್ ಮಾಡಬೇಕು, ಯಾಕೆಂದರೆ ಅದೇ ಬೋಗಿ ಮುಂದೆ ಬಿಸಿಎನ್ ಮುಚ್ಚಿದ ವ್ಯಾಗನ್ನಿಗೂ ಬರುತ್ತೆ. ಎರಡನೇ ವ್ಯಾಗನ್ ತರುವಾಗ ಅರ್ಧ ಕೆಲಸ ಮುಗಿದಿರುತ್ತೆ.

ಇನ್ನೊಂದು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, ಮಾಡೆಲ್ ರೈಲೂ ಅದೇ ಗುಂಪಿನಲ್ಲಿ ಬರುತ್ತೆ. ಹೊರಗಿನಿಂದ ತರಿಸುವವರಿಗೆ ಇದು ದೊಡ್ಡ ಪೆಟ್ಟು. ಇಲ್ಲೇ ಮೋಲ್ಡ್ ಮಾಡುವವನಿಗೆ ಬೆಲೆ ಹಾಕೋಕೆ ಸ್ವಲ್ಪ ಉಸಿರಾಡುವ ಜಾಗ ಸಿಗುತ್ತೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ಕೆಲವು ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳು ಭಾರತದಲ್ಲೇ ತಯಾರಾಗಿವೆ, ಹಾಗಾಗಿ ಇಷ್ಟು ನಾಜೂಕಿನ ಪ್ಲಾಸ್ಟಿಕ್ ಕೆಲಸ ನಮ್ಮಲ್ಲಿ ಆಗಲ್ಲ ಅನ್ನೋ ಮಾತು ನಾನು ಒಪ್ಪಲ್ಲ.

ಮೀಟರ್‌ಗೇಜ್_ಮೈಸೂರು

ಬಿಒಎಕ್ಸ್‌ಎನ್ ನನ್ನ ಕಾಲದ್ದೂ ಅಲ್ಲ, ನನ್ನ ಗೇಜಿನದ್ದೂ ಅಲ್ಲ, ನಾನು ಕೊಳ್ಳಲ್ಲ. ಆದರೆ ಟೂಲ್ ಮಾಡೋಕೆ ಮೊದಲು ಒಂದು ಮಾದರಿ ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಪ್ರಿಂಟ್ ಮಾಡಿ ಕೊಡುತ್ತೇನೆ. ಪಟ್ಟಿಗಳ ದಪ್ಪ ಎಚ್‌ಒದಲ್ಲಿ ಎಷ್ಟಿದ್ದರೆ ಚೆನ್ನಾಗಿ ಕಾಣುತ್ತೆ ಅನ್ನೋದು ಸ್ಕ್ರೀನ್ ಮೇಲೆ ಗೊತ್ತಾಗಲ್ಲ.

ಘಾಟಿ_ಬ್ಯಾಂಕರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಜಿನ್ ಆಸೆ ಹಾಗೇ ಇದೆ, ಆದರೆ ಮೇಡಂ ಪ್ರಿಂಟ್ ಮಾಡ್ತೀನಿ ಅಂದ ಮೇಲೆ ವ್ಯಾಗನ್ನಿಗೇ ಮೊದಲು ಕೈ ಹಾಕೋಣ. ನನಗೆ ಹನ್ನೆರಡು ಬಿಒಎಕ್ಸ್‌ಎನ್ ಕಿಟ್ ಬೇಕು, ಟೂಲ್ ಕೆಲಸ ಶುರುವಾದ ದಿನ ಅರ್ಧ ಹಣ ಕೊಡುತ್ತೇನೆ. ಉಳಿದವರು ಲೈಕ್ ಒತ್ತೋದು ಬೇಡ. ಎಷ್ಟು ಕಿಟ್ ಬೇಕು, ಅರ್ಧ ಹಣ ಮುಂಗಡ ಕೊಡೋಕೆ ಆಗುತ್ತಾ, ಈ ಎರಡನ್ನು ಕೆಳಗೆ ಬರೆಯಿರಿ. ಟೂಲ್‌ರೂಮ್ ಸರ್, ಡ್ರಾಯಿಂಗ್ ಶುರು ಮಾಡೋಕೆ ಯಾವ್ಯಾವ ಕೋನದ ಫೋಟೊ ಬೇಕು ಅಂತ ಹೇಳಿ. ಕ್ಯಾಸಲ್‌ರಾಕ್ ಪ್ಲಾಟ್‌ಫಾರ್ಮಿನಿಂದ ತೆಗೆದದ್ದು ನನ್ನ ಹತ್ತಿರ ಬೇಕಾದಷ್ಟಿದೆ, ಆದರೆ ತಳದ ಭಾಗ ಒಂದರಲ್ಲೂ ಸರಿಯಾಗಿ ಕಾಣಲ್ಲ.